ಜಾಡು ಬಿಟ್ಟರೆ ಹುದುಲು: ಮಕ್ಗಡಿಕ್ಗಡಿಯ ಉಪ್ಪಿನ ಬಯಲಿನಲ್ಲಿ ಏಳು ದಿನ

ಬೋಟ್ಸ್ವಾನಾದ ಈಶಾನ್ಯ ಭಾಗದಲ್ಲಿ ಹುಲ್ಲು, ಮೋಪಾನೆ ಕುರುಚಲು ಎಲ್ಲ ಇದ್ದಕ್ಕಿದ್ದ ಹಾಗೆ ನಿಂತುಹೋಗಿ ಬರೀ ಬೂದುಬಿಳಿ ನೆಲ ಶುರುವಾಗುತ್ತದೆ. ಅದೇ ಮಕ್ಗಡಿಕ್ಗಡಿ. ತ್ಸ್ವಾನಾ ಭಾಷೆಯಲ್ಲಿ ‘ಗ’ ಎಂದು ಬರೆದದ್ದನ್ನು ಗಂಟಲಿನಿಂದ ‘ಖ’ದ ಹಾಗೆ ಹೇಳುತ್ತಾರೆ. ದಾರಿ ಕೇಳುವಾಗ ‘ಮಖಾಡಿಖಾಡಿ’ ಎಂದರೆ ಬೇಗ ಅರ್ಥವಾಗುತ್ತದೆ. ಇದು ಒಂದೇ ಬಯಲಲ್ಲ. ಪೂರ್ವಕ್ಕೆ ಸುವಾ, ಪಶ್ಚಿಮಕ್ಕೆ ನ್ಟ್ವೆಟ್ವೆ, ಉತ್ತರಕ್ಕೆ ನೈ, ಇವುಗಳ ನಡುವೆ ಲೆಕ್ಕವಿಲ್ಲದಷ್ಟು ಚಿಕ್ಕ ಬಯಲುಗಳು, ಮರಳು ದಿಬ್ಬಗಳು, ಹುಲ್ಲುಗಾವಲು. ಬಯಲುಗಳನ್ನೆಲ್ಲ ಸೇರಿಸಿದರೆ ಇಡೀ ಶಿವಮೊಗ್ಗ ಜಿಲ್ಲೆಗಿಂತ ದೊಡ್ಡದು.

ಸಾವಿರಾರು ವರ್ಷಗಳ ಹಿಂದೆ ಇಲ್ಲಿ ಸ್ವಿಟ್ಜರ್ಲೆಂಡ್‌ಗಿಂತ ದೊಡ್ಡ ಸರೋವರವಿತ್ತು. ಭೂಮಿಯ ಪದರ ಅಲ್ಲಲ್ಲಿ ಎದ್ದು, ಬಿರುಕು ಬಿಟ್ಟು ನದಿಗಳು ಬೇರೆ ಕಡೆ ತಿರುಗಿದವು. ಸರೋವರಕ್ಕೆ ನೀರು ಬರುವುದು ನಿಂತಿತು, ಇದ್ದದ್ದು ಆವಿಯಾಯಿತು, ಉಪ್ಪು ಉಳಿಯಿತು. ಉಪ್ಪೆಂದರೆ ಬರೀ ಅಡುಗೆ ಉಪ್ಪಲ್ಲ, ಸೋಡಾ ಕೂಡ ಸೇರಿದೆ. ತುಂಗಭದ್ರಾ ಅಚ್ಚುಕಟ್ಟಿನ ರೈತರು ಚೌಳು ನೆಲ ಎನ್ನುತ್ತಾರಲ್ಲ, ಅದನ್ನೇ ಕಣ್ಣು ಹೋದಷ್ಟು ದೂರ ಹಾಸಿದಂತೆ ಊಹಿಸಿಕೊಳ್ಳಿ. ಸುವಾ ಬಯಲಿನ ಕೆಳಗಿನ ಉಪ್ಪುನೀರನ್ನು ಪಂಪ್ ಮಾಡಿ ಬಿಸಿಲಲ್ಲಿ ಒಣಗಿಸಿ ಸೋಡಾ ಬೂದಿ ತೆಗೆಯುವ ಕಾರ್ಖಾನೆ 1991ರಿಂದ ನಡೆಯುತ್ತಿದೆ. ‘ಸುವಾ’ ಎಂಬ ಹೆಸರಿಗೇ ಅಲ್ಲಿನ ಸಾನ್ ಜನರ ಮಾತಿನಲ್ಲಿ ಉಪ್ಪು ಎಂದು ಅರ್ಥ.

ಯಾವಾಗ ಹೋಗಬೇಕು ಎಂಬುದು ಮೊದಲು ತೀರ್ಮಾನವಾಗಬೇಕು. ಮಳೆ ನವೆಂಬರಿನಿಂದ ಮಾರ್ಚ್‌ವರೆಗೆ. ಆಗ ಬಯಲಲ್ಲಿ ಮೊಣಕಾಲಿಗಿಂತ ಕಡಿಮೆ ನೀರು ನಿಲ್ಲುತ್ತದೆ, ಫ್ಲೆಮಿಂಗೊಗಳು ಬರುತ್ತವೆ, ವಾಹನ ಒಳಗೆ ಹೋಗುವಂತಿಲ್ಲ. ಒಣಗಾಲದಲ್ಲಿ ಜಾಡು ತೆರೆಯುತ್ತದೆ, ಹಕ್ಕಿ ಇರುವುದಿಲ್ಲ. ಎರಡೂ ಒಂದೇ ಪ್ರವಾಸದಲ್ಲಿ ಸಿಗುತ್ತವೆಂದು ಆಸೆಪಟ್ಟು ಏಪ್ರಿಲ್‌ನಲ್ಲಿ ಹೊರಡುವವರೇ ಹೆಚ್ಚಾಗಿ ಕೆಸರಲ್ಲಿ ಕೂರುವುದು. ಮೇಲೆ ಒಣಗಿದ ಹೊಪ್ಪಳೆ ಕಂಡರೂ ಕೆಳಗೆ ತಿಂಗಳುಗಟ್ಟಲೆ ಹಸಿ ಇರುತ್ತದೆ. ಮಳೆ ಜೋರಾಗಿದ್ದ ವರ್ಷ ಜೂನ್ ಕೂಡ ನಂಬುವ ತಿಂಗಳಲ್ಲ. ಇಲ್ಲಿ ಹೇಳುವ ದಾರಿ ಜುಲೈನಿಂದ ಸೆಪ್ಟೆಂಬರ್‌ವರೆಗಿನದು.

ಮೊದಲ ದಿನ: ಫ್ರಾನ್ಸಿಸ್‌ಟೌನ್‌ನಿಂದ ಲೆಟ್ಲಹಕಾನೆ

ಸುಮಾರು 200 ಕಿ.ಮೀ. ಡಾಂಬರು ರಸ್ತೆ. ನಮ್ಮ ಹಾಗೆಯೇ ಎಡಗಡೆ ಓಡಿಸುವ ದೇಶ, ಹಾಗಾಗಿ ಕೈ ಹೊಂದಿಕೊಳ್ಳಲು ಕಷ್ಟವಿಲ್ಲ. ರಸ್ತೆಗೆ ನುಗ್ಗುವ ಕತ್ತೆ, ದನಗಳ ಮೇಲೆ ಮಾತ್ರ ಕಣ್ಣಿರಬೇಕು. ಕತ್ತಲಾದ ಮೇಲೆ ಓಡಿಸಬೇಡಿ.

ಈ ದಿನದ ನಿಜವಾದ ಕೆಲಸ ಫ್ರಾನ್ಸಿಸ್‌ಟೌನ್‌ನಲ್ಲೇ ಮುಗಿಯಬೇಕು. ಲೋ ರೇಂಜ್ ಗೇರ್ (ನಿಧಾನವಾಗಿ, ಹೆಚ್ಚು ಬಲದಿಂದ ಎಳೆಯುವ ಗೇರ್) ಇರುವ ನಾಲ್ಕು ಚಕ್ರ ಚಾಲನೆಯ ವಾಹನ, ಹೈಲಕ್ಸ್ ಅಥವಾ ಲ್ಯಾಂಡ್ ಕ್ರೂಸರ್, ಸಾಧ್ಯವಾದರೆ ಎರಡು ಬೇಕು. ಒಂದೇ ವಾಹನದಲ್ಲಿ ಹೋಗುವವರು ಉಪಗ್ರಹ ಫೋನ್ ಇಲ್ಲದೆ ಹೊರಡಬಾರದು. ಬಾಡಿಗೆ ಗಾಡಿ ತೆಗೆದುಕೊಳ್ಳುವಾಗ ಎರಡು ಸ್ಟೆಪ್ನಿ, ಏರ್ ಕಂಪ್ರೆಸರ್, ಒತ್ತಡ ನೋಡುವ ಗೇಜ್, ಸಲಿಕೆ, ಚಕ್ರದಡಿ ಹಾಕುವ ಎರಡು ಹಲಗೆ, ತಲಾ 10 ಮೀಟರಿನ ಎರಡು ಎಳೆಯುವ ಪಟ್ಟಿ ಇವೆಯೇ ಎಂದು ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಿ. ಕಂಪ್ರೆಸರನ್ನು ಅಲ್ಲೇ ಹಾಕಿ ಓಡಿಸಿ ನೋಡಿ. ಜಾಕ್ ಕೆಳಗೆ ಇಡಲು ಒಂದೂವರೆ ಅಡಿ ಚೌಕದ ದಪ್ಪ ಪ್ಲೈವುಡ್ ತುಂಡು ಕೇಳಿ ಪಡೆಯಿರಿ. ಅದಿಲ್ಲದಿದ್ದರೆ ಜಾಕ್ ಗಾಡಿಯನ್ನು ಎತ್ತುವುದಿಲ್ಲ, ತಾನೇ ನೆಲಕ್ಕೆ ಇಳಿಯುತ್ತದೆ.

ನೀರು ತಲೆಗೆ ದಿನಕ್ಕೆ 5 ಲೀಟರ್, ಕುಡಿಯಲು ಮತ್ತು ಅಡುಗೆಗೆ. ನಾಲ್ಕು ಜನ, ನಾಲ್ಕು ದಿನ ಎಂದರೆ 80 ಲೀಟರ್, ಮೇಲೆ 20 ಲೀಟರ್ ಕಾಯ್ದಿಟ್ಟದ್ದು. ಅದನ್ನು 20 ಲೀಟರಿನ ಐದು ಕ್ಯಾನುಗಳಲ್ಲಿ ಹಂಚಿ. ಒಂದೇ ದೊಡ್ಡ ಡ್ರಮ್ ಕುಲುಕಾಟಕ್ಕೆ ಸೀಳಿದರೆ ಎಲ್ಲವೂ ಹೋಯಿತು. ಡೀಸೆಲನ್ನು ಲೆಟ್ಲಹಕಾನೆಯಲ್ಲಿ ಬಾಯಿಮಟ್ಟ ತುಂಬಿಸಿ, ಜೊತೆಗೆ 20 ಲೀಟರಿನ ಒಂದು ಕ್ಯಾನ್. ಮರಳಿನಲ್ಲಿ ಡೀಸೆಲ್ ಗಾಡಿ 100 ಕಿ.ಮೀ.ಗೆ 15ರಿಂದ 18 ಲೀಟರ್ ಕುಡಿಯುತ್ತದೆ. ಮುಂದಿನ ಬಂಕ್ ಗ್ವೇಟಾದಲ್ಲಿದೆ. ಅಲ್ಲಿ ಇಂಧನ ಮುಗಿದಿದ್ದರೆ ನಾಟಾಕ್ಕೆ ಇನ್ನೂ 100 ಕಿ.ಮೀ. ಓಡಬೇಕು, ಲೆಕ್ಕ ಹಾಕುವಾಗ ಆ ನೂರನ್ನೂ ಸೇರಿಸಿಕೊಳ್ಳಿ.

ಅಕ್ಕಿ, ಬೇಳೆ, ಈರುಳ್ಳಿ, ಆಲೂಗಡ್ಡೆ ಎಲ್ಲವೂ ಫ್ರಾನ್ಸಿಸ್‌ಟೌನ್‌ನ ಸೂಪರ್‌ಮಾರ್ಕೆಟ್‌ಗಳಲ್ಲಿ ಸಿಗುತ್ತವೆ. ಜೋಳದ ಹಿಟ್ಟೂ ಸಿಗುತ್ತದೆ. ಅದರಿಂದ ಮಾಡುವ ‘ಬೊಗೊಬೆ’ ಇಲ್ಲಿನವರ ದಿನದ ಊಟ, ನಮ್ಮ ಜೋಳದ ಮುದ್ದೆಗೆ ತೀರಾ ಹತ್ತಿರ. ನಗದು ಹಣ ಇಟ್ಟುಕೊಳ್ಳಿ, ಬಯಲಿನೊಳಗೆ ಕಾರ್ಡ್ ನಡೆಯುವುದಿಲ್ಲ. ಇಲ್ಲಿನ ಹಣದ ಹೆಸರು ಪುಲಾ, ಅಂದರೆ ಮಳೆ. ಮಳೆ ಎಷ್ಟು ಬೆಲೆಬಾಳುತ್ತದೆ ಎಂಬುದನ್ನು ಈ ದೇಶ ನೋಟಿನ ಮೇಲೆಯೇ ಬರೆದುಕೊಂಡಿದೆ.

ಎರಡನೆಯ ದಿನ: ಮಾತ್ಶುಮೊ ದಾಟಿ ಕುಬು

ಬೆಳಿಗ್ಗೆ ಏಳಕ್ಕೆ ಹೊರಟರೆ ಒಳ್ಳೆಯದು. ಮಾತ್ಶುಮೊ ಕೊನೆಯ ಹಳ್ಳಿ. ಅಲ್ಲಿಂದ ಬಯಲಿನ ಅಂಚಿನ ಕುಬು ಎಂಬ ಬಂಡೆಗುಡ್ಡಕ್ಕೆ ಸುಮಾರು 45 ಕಿ.ಮೀ., ಎರಡರಿಂದ ಎರಡೂವರೆ ಗಂಟೆ. ಹಳ್ಳಿಯಲ್ಲಿ ಯಾರನ್ನು ಕಂಡರೂ ಮೊದಲು ನಮಸ್ಕಾರ ಹೇಳಬೇಕು: ಗಂಡಸರಿಗೆ ‘ದುಮೆಲಾ ರಾ’, ಹೆಂಗಸರಿಗೆ ‘ದುಮೆಲಾ ಮಾ’. ನಮಸ್ಕಾರವಿಲ್ಲದೆ ನೇರ ದಾರಿ ಕೇಳುವುದು ಇಲ್ಲಿ ಒರಟುತನ. ಜಾಡು ಹೇಗಿದೆ, ಹಿಂದಿನ ದಿನ ಯಾರಾದರೂ ಬಂದರೇ, ಹೋದರೇ ಎಂದು ಇಲ್ಲೇ ಕೇಳಿ ತಿಳಿಯಿರಿ. ಯಾವ ನಕ್ಷೆಗಿಂತಲೂ ಆ ಮಾತು ಹೆಚ್ಚು.

ಹಳ್ಳಿ ದಾಟಿದೊಡನೆ ಟೈರಿನ ಗಾಳಿ ಇಳಿಸಿ. ಡಾಂಬರಿಗೆ 32 ಪಿಎಸ್‌ಐ ಇದ್ದದ್ದನ್ನು 20–22ಕ್ಕೆ ತನ್ನಿ. ಗಾಳಿ ಇಳಿದಾಗ ಟೈರು ಅಗಲವಾಗುವುದಕ್ಕಿಂತ ಉದ್ದವಾಗಿ ನೆಲಕ್ಕೆ ಕೂರುತ್ತದೆ, ಭಾರ ಹಂಚಿಹೋಗುತ್ತದೆ, ಮರಳು ಅಗೆಯುವುದು ನಿಲ್ಲುತ್ತದೆ. ಆದರೆ ಆ ಒತ್ತಡದಲ್ಲಿ 40 ಕಿ.ಮೀ. ವೇಗ ಮೀರಬೇಡಿ, ಜೋರಾಗಿ ತಿರುಗಿಸಬೇಡಿ. ಟೈರಿನ ಪಕ್ಕ ಬಿಸಿಯೇರಿ ಸೀಳುತ್ತದೆ, ರಿಮ್‌ನಿಂದ ಕಳಚಿಯೂ ಬರುತ್ತದೆ.

ದಾರಿಯಲ್ಲಿ ಪಶುವೈದ್ಯ ಇಲಾಖೆಯ ಬೇಲಿ ಮತ್ತು ಗೇಟು ಬರುತ್ತದೆ. ಕಾಡೆಮ್ಮೆಗಳಿಂದ ದನಗಳಿಗೆ ಕಾಲುಬಾಯಿ ಜ್ವರ ಹರಡದಿರಲಿ ಎಂದು ದೇಶದ ಉದ್ದಗಲಕ್ಕೂ ಹಾಕಿದ ಬೇಲಿ ಇದು. ಉತ್ತರದಿಂದ ದಕ್ಷಿಣಕ್ಕೆ ಬರುವವರ ಐಸ್ ಪೆಟ್ಟಿಗೆ ತೆಗೆಸಿ ಹಸಿಮಾಂಸ, ಕಾಯಿಸದ ಹಾಲು ಇದ್ದರೆ ತೆಗೆದುಕೊಳ್ಳುತ್ತಾರೆ. ಅನ್ನ ಸಾರಿನವರಿಗೆ ಆ ಚಿಂತೆಯಿಲ್ಲ, ಆದರೂ ಚಕ್ರಗಳನ್ನು ಮತ್ತು ಚಪ್ಪಲಿ ಬೂಟುಗಳನ್ನು ಸೋಂಕುನಾಶಕ ನೀರಿಗೆ ಅದ್ದಬೇಕಾಗುತ್ತದೆ. ಚೀಲದೊಳಗೆ ಇಟ್ಟಿರುವ ಬೇರೆ ಜೊತೆ ಬೂಟನ್ನೂ ಕೇಳುತ್ತಾರೆ. ಅವರ ಬದುಕು ದನದ ಮೇಲಿದೆ, ತಾಳ್ಮೆಯಿಂದ ಎಲ್ಲವನ್ನೂ ತೋರಿಸಿ.

ಗೇಟಿನ ಆಚೆ ಮೊದಲ ಚಿಕ್ಕ ಬಯಲುಗಳು ಬರುತ್ತವೆ. ಇಲ್ಲಿಂದ ಮುಂದೆ ಒಂದೇ ನಿಯಮ: ಜಾಡು ಬಿಡಬೇಡಿ. ಎದುರಿಗೆ ಕಾಲುವೆಯಿಲ್ಲ, ಕಲ್ಲಿಲ್ಲ, ಬೇಲಿಯಿಲ್ಲ. ನೇರ ಹೋದರೆ ಹತ್ತು ಕಿ.ಮೀ. ಉಳಿಯುತ್ತದೆ ಎಂದು ಎಂಥವರಿಗೂ ಅನಿಸುತ್ತದೆ. ಬಯಲಿನಲ್ಲಿ ಅಡ್ಡಿ ಎದುರಿಗೆ ಇರುವುದಿಲ್ಲ, ಚಕ್ರದ ಕೆಳಗೆ ಇರುತ್ತದೆ. ಮೇಲಿನ ಒಣ ಪದರ ಕೆಲವೆಡೆ ಒಂದು ಗೇಣು, ಕೆಲವೆಡೆ ಒಂದೇ ಬೆರಳು ದಪ್ಪ. ಅದರಡಿ ಬೆಣ್ಣೆಯಂಥ ಬೂದುಗೆಸರು. ಎಷ್ಟೋ ವಾಹನ ಓಡಾಡಿದ ಜಾಡಿನಲ್ಲಿ ಮಣ್ಣು ಒತ್ತಿ ಗಟ್ಟಿಯಾಗಿರುತ್ತದೆ, ಅದರಿಂದ ನಾಲ್ಕು ಮೀಟರ್ ಆಚೆ ಯಾರೂ ತುಳಿದಿರುವುದಿಲ್ಲ. ಇನ್ನೊಂದು ಕಾರಣವೂ ಇದೆ. ಇಲ್ಲಿ ಎಳೆದ ಚಕ್ರದ ಗುರುತು ವರ್ಷಗಟ್ಟಲೆ ಅಳಿಯುವುದಿಲ್ಲ. ಒಬ್ಬರು ಆಟಕ್ಕೆಂದು ವೃತ್ತ ಸುತ್ತಿದರೆ ಮುಂದೆ ಬರುವವರೆಲ್ಲ ಆ ಗಾಯವನ್ನೇ ನೋಡಬೇಕು, ಗೊತ್ತಿಲ್ಲದವರು ಅದನ್ನೇ ದಾರಿ ಎಂದುಕೊಂಡು ಹಿಂದೆ ಹೋಗುತ್ತಾರೆ.

ನೆಲ ಓದುವುದನ್ನು ಕಲಿಯಬೇಕು. ಬಿಳಿಚಿಕೊಂಡು, ಅಂಚುಗಳು ಹಪ್ಪಳದಂತೆ ಮೇಲಕ್ಕೆ ಸುರುಳಿಯಾದ ಬಿಲ್ಲೆಗಳಿದ್ದರೆ ಒಣಗಿದೆ. ನುಣ್ಣಗೆ, ಸ್ವಲ್ಪ ಕಂದಾಗಿ, ಬಿಸಿಲಿಗೆ ಮಿರುಗುತ್ತಿದ್ದರೆ ಹಸಿ. ಅನುಮಾನ ಬಂದ ಕಡೆ ಗಾಡಿ ನಿಲ್ಲಿಸಿ, ಇಳಿದು ಐವತ್ತು ಹೆಜ್ಜೆ ನಡೆಯಿರಿ, ಹಿಮ್ಮಡಿಯನ್ನು ಜೋರಾಗಿ ಒತ್ತಿ. ಕಟಕಟ ಎಂದು ಪುಡಿಯಾದರೆ ಸರಿ. ಹಿಮ್ಮಡಿ ಎತ್ತಿದ ಗುಳಿಯ ತಳ ಕಪ್ಪಾಗಿ ಹೊಳೆದರೆ ಬಂದ ದಾರಿಯಲ್ಲೇ ಹಿಂದಿರುಗಿ. ಮಧ್ಯಾಹ್ನ ಹನ್ನೆರಡರ ನೆತ್ತಿಯ ಬೆಳಕಿನಲ್ಲಿ ಈ ಬಣ್ಣದ ವ್ಯತ್ಯಾಸ ಕಾಣುವುದೇ ಇಲ್ಲ. ಬೆಳಿಗ್ಗೆ ಬೇಗ ಹೊರಡಿ ಎನ್ನುವುದು ಅದಕ್ಕೇ.

ಇಷ್ಟಾದರೂ ಹೂತರೆ? ಸ್ಟಿಯರಿಂಗ್ ಭಾರವಾಯಿತು, ಎಂಜಿನ್ ಮುಕ್ಕುತ್ತಿದೆ ಎಂದು ಅನಿಸಿದ ಗಳಿಗೆಯಲ್ಲೇ ಆಕ್ಸಿಲರೇಟರ್ ಬಿಡಿ. ಎರಡು ಸಲ ಚಕ್ರ ತಿರುಗಿಸಿ ನೋಡೋಣ ಎಂದವರ ಗಾಡಿ ಹೊಟ್ಟೆಯವರೆಗೂ ಇಳಿಯುತ್ತದೆ. ಹೊರಬರುವ ದಾರಿ ಹಿಂದಕ್ಕೇ, ಮುಂದಕ್ಕಲ್ಲ. ಹಿಂದಿನ ನೆಲ ನಿಮ್ಮ ಭಾರ ತಡೆದಿದೆ, ಮುಂದಿನದು ತಡೆಯುತ್ತದೆಂದು ಯಾರು ಹೇಳಿದರು? ಎಲ್ಲರೂ ಇಳಿಯಿರಿ, ನೀರಿನ ಕ್ಯಾನು, ಡೀಸೆಲ್ ಕ್ಯಾನು ಇಳಿಸಿ. ಟೈರನ್ನು 15 ಪಿಎಸ್‌ಐಗೆ ತನ್ನಿ. ಆಕ್ಸಲ್ ಮತ್ತು ಚಾಸಿ ಕೆಸರಿನ ಮೇಲೆ ಕೂತಿದ್ದರೆ ಮೊದಲು ಅವುಗಳ ಕೆಳಗಿನ ಮಣ್ಣು ತೆಗೆಯಿರಿ, ಚಕ್ರದ ಸರದಿ ಆಮೇಲೆ. ನಾಲ್ಕೂ ಚಕ್ರಗಳ ಹಿಂದೆ ಇಳಿಜಾರಾಗಿ ಅಗೆದು, ಹಲಗೆಗಳನ್ನು ಹಿಂದಿನ ಚಕ್ರಕ್ಕೆ ಒತ್ತಿ ಇಟ್ಟು, ಲೋ ರೇಂಜ್‌ನಲ್ಲಿ ರಿವರ್ಸ್ ಹಾಕಿ ನಿಧಾನವಾಗಿ ಬನ್ನಿ. ಹಲಗೆಯ ಹಿಂದೆ ಯಾರೂ ನಿಲ್ಲಬಾರದು, ಚಕ್ರ ಜಾರಿದರೆ ಅದು ಬಾಣದಂತೆ ಹಾರುತ್ತದೆ.

ಇನ್ನೊಂದು ವಾಹನವಿದ್ದರೆ ಅದು ಹತ್ತಿರ ಬರಬಾರದು. ಗಟ್ಟಿ ಜಾಡಿನ ಮೇಲೇ ನಿಂತು ಎರಡು ಪಟ್ಟಿ ಜೋಡಿಸಿ 20 ಮೀಟರ್ ದೂರದಿಂದ ಎಳೆಯಬೇಕು. ಪಟ್ಟಿಯನ್ನು ಚಾಸಿಗೆ ಬೋಲ್ಟ್ ಮಾಡಿದ ಕೊಕ್ಕೆಗೇ ಸಿಕ್ಕಿಸಿ. ಗಾಡಿಯ ಹಿಂದೆ ಟ್ರೇಲರ್ ಕಟ್ಟಲು ಇರುವ ಕಬ್ಬಿಣದ ಗುಂಡಿಗೆ ಸಿಕ್ಕಿಸಿದರೆ ಆ ಗುಂಡು ಮುರಿದು ಗಾಜು ಒಡೆದು ಒಳಗೆ ಬರುತ್ತದೆ, ಜೀವ ಹೋದ ಉದಾಹರಣೆಗಳಿವೆ. ವಿಂಚ್ (ಹಗ್ಗ ಸುತ್ತಿ ಗಾಡಿಯನ್ನು ಎಳೆಯುವ ಯಂತ್ರ) ಇದ್ದವರಿಗೆ ಅದರ ಹಗ್ಗ ಕಟ್ಟಲು ಮರವೇ ಇಲ್ಲ. ಆಗ ಮೂರಡಿ ಆಳದ ಗುಂಡಿ ತೋಡಿ ಸ್ಟೆಪ್ನಿಯನ್ನು ನೆಟ್ಟಗೆ ನಿಲ್ಲಿಸಿ ಹೂತು, ಪಟ್ಟಿ ಹೊರಬರಲು ಗಾಡಿಯ ಕಡೆಗೆ ಓರೆಯಾಗಿ ಒಂದು ಸೀಳು ತೆಗೆದು, ಅದಕ್ಕೆ ವಿಂಚ್ ಹಾಕಬೇಕು. ಅರ್ಧ ದಿನದ ಕೆಲಸ. ಒಂದು ಮಾತು ಮಾತ್ರ ಮರೆಯಬೇಡಿ: ಹೂತ ಗಾಡಿಯನ್ನು ಬಿಟ್ಟು ನಡೆದು ಹೊರಡಬಾರದು. ಗಾಡಿ ಬಹಳ ದೂರಕ್ಕೂ ಕಾಣುತ್ತದೆ, ಮನುಷ್ಯ ಕಾಣುವುದಿಲ್ಲ.

ಕುಬು ದೂರದಿಂದ ಕಾಣುವಾಗ ನೆಲ ಬಿಟ್ಟು ಗಾಳಿಯಲ್ಲಿ ತೇಲುತ್ತಿರುತ್ತದೆ. ಬಿಸಿ ಗಾಳಿಯ ಪದರದಲ್ಲಿ ಬೆಳಕು ಬಾಗಿ ಬುಡದಲ್ಲಿ ಆಕಾಶವೇ ನೀರಿನಂತೆ ಕಾಣುವುದರಿಂದ ಹಾಗೆ. ಹತ್ತಿರ ಹೋದಷ್ಟೂ ಮೆಲ್ಲಗೆ ನೆಲಕ್ಕಿಳಿಯುತ್ತದೆ.

ಮೂರನೆಯ ದಿನ: ಕುಬುವಿನಲ್ಲೇ

ಕುಬುವಿಗೆ ಒಂದೇ ರಾತ್ರಿ ಕೊಡುವುದು ಅನ್ಯಾಯ. ಸುವಾ ಬಯಲಿನ ನೈಋತ್ಯ ಅಂಚಿನಲ್ಲಿ ಎದ್ದ, ಸುಮಾರು ಒಂದು ಕಿ.ಮೀ. ಉದ್ದದ ಕಗ್ಗಲ್ಲಿನ ಗುಡ್ಡ ಇದು. ಸ್ಥಳೀಯ ಹೆಸರು ಲೆಖುಬು. ರಾಷ್ಟ್ರೀಯ ಸ್ಮಾರಕ. ಆದರೆ ನೋಡಿಕೊಳ್ಳುವವರು ಮಾತ್ಶುಮೊ ಹಳ್ಳಿಯವರೇ, ಗೈಂಗ್-ಓ ಎಂಬ ಸಮುದಾಯ ಟ್ರಸ್ಟ್ ಮೂಲಕ. ಶುಲ್ಕ ಅವರಿಗೇ ಸೇರುತ್ತದೆ. ಗುಡಾರ ಹಾಕುವ ಜಾಗಗಳಿಗೆ ನಂಬರ್ ಇದೆ, ಗುಂಡಿ ಪಾಯಿಖಾನೆ ಇದೆ, ನೀರಿಲ್ಲ. ಕಟ್ಟಿಗೆ ಆಯುವಂತಿಲ್ಲ, ಹೊರಗಿನಿಂದ ತರಬೇಕು. ಕಸ ನಿಮ್ಮ ಜೊತೆಯೇ ವಾಪಸು ಹೋಗಬೇಕು. ಗುಡಾರವನ್ನು ಬಯಲಿನ ಮೇಲೆ ಹಾಕಬೇಡಿ. ಆಗಸ್ಟ್‌ನ ಮಧ್ಯಾಹ್ನದ ಗಾಳಿಗೆ ಆ ಹೊಪ್ಪಳೆಯಲ್ಲಿ ಗೂಟ ನಿಲ್ಲುವುದಿಲ್ಲ.

ಬಂಡೆಗಳ ಮೇಲೆ ಸುಣ್ಣ ಬಳಿದಂತೆ ಬಿಳಿ ಲೇಪವಿದೆ. ಉಪ್ಪೆಂದು ತಿಳಿಯುತ್ತಾರೆ. ಅದು ಹಕ್ಕಿ ಹಿಕ್ಕೆ, ಸರೋವರವಿದ್ದ ಕಾಲದಲ್ಲಿ ಈ ದ್ವೀಪದ ಮೇಲೆ ಕೂತ ನೀರುಹಕ್ಕಿಗಳದ್ದು, ಗಟ್ಟಿಯಾಗಿ ಕಲ್ಲಿಗೆ ಅಂಟಿದೆ. ಇಳಿಜಾರಿನಲ್ಲಿ ಬಗ್ಗಿ ಒಂದು ಹಿಡಿ ಬೆಣಚುಗಲ್ಲು ಎತ್ತಿ ನೋಡಿ. ಹೊಳೆದಂಡೆಯ ಕಲ್ಲಿನಂತೆ ಮೂಲೆಗಳೆಲ್ಲ ಸವೆದು ದುಂಡಗಾಗಿವೆ. ಅಲೆ ಇಲ್ಲದೆ ಕಲ್ಲು ಹೀಗೆ ಸವೆಯುವುದಿಲ್ಲ. ಈ ಮರುಭೂಮಿಯಲ್ಲಿ ದಡಕ್ಕೆ ಬಡಿದ ಅಲೆಯ ಸಾಕ್ಷಿ ನಿಮ್ಮ ಅಂಗೈಯಲ್ಲಿರುತ್ತದೆ. ನೋಡಿ, ಅಲ್ಲೇ ಇಡಿ. ಗುಡ್ಡದ ಒಂದು ಕಡೆ ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಬಾಗು ಗೋಡೆ ಉಳಿದಿದೆ. ಹತ್ತಬೇಡಿ, ಒಂದು ಕಲ್ಲು ಜಾರಿದರೆ ಇಡೀ ಸಾಲು ಕುಸಿಯುತ್ತದೆ. ಸುತ್ತಲಿನ ಜನರಿಗೆ ಇದು ಇಂದಿಗೂ ಪೂಜ್ಯ ಸ್ಥಳ.

ಬಂಡೆಗಳ ನಡುವೆ ಬಾವೊಬಾಬ್ ಮರಗಳು. ನಮ್ಮಲ್ಲಿ ಆನೆಹುಣಸೆ ಎನ್ನುತ್ತೇವೆ, ಸವಣೂರಿನ ಮಠದ ಆವರಣದ ಮೂರು ದೊಡ್ಡ ಹುಣಸೆ ಮರಗಳು ಇದೇ ಜಾತಿ, ಆಫ್ರಿಕಾದಿಂದಲೇ ಬಂದವು. ಸವಣೂರಲ್ಲಿ ಅದನ್ನು ನೋಡಿದವರಿಗೆ ಇಲ್ಲಿ ನೆಂಟರ ಮನೆಗೆ ಬಂದ ಹಾಗಾಗುತ್ತದೆ. ಒಣಗಾಲದಲ್ಲಿ ಒಂದೂ ಎಲೆ ಇರುವುದಿಲ್ಲ, ಬೇರು ಮೇಲಾಗಿ ನೆಟ್ಟಂತೆ ಕಾಣುತ್ತದೆ. ತೊಗಟೆಯನ್ನು ಅಂಗೈಯಿಂದ ಮುಟ್ಟಿ ನೋಡಿ, ಆನೆಯ ಚರ್ಮದಂತೆ ಮಡಿಕೆ ಮಡಿಕೆಯಾಗಿ, ಆದರೆ ನುಣುಪಾಗಿ ಇರುತ್ತದೆ. ಒಳಗಿನದು ಗಟ್ಟಿ ಕಟ್ಟಿಗೆಯಲ್ಲ, ನೀರು ಹಿಡಿದ ನಾರು. ಹೀಗಾಗಿ ಮೊಳೆ, ಚಾಕುವಿನ ಗಾಯ ಈ ಮರಕ್ಕೆ ಬೇರೆ ಮರಗಳಿಗಿಂತ ಸುಲಭವಾಗಿ ಆಳಕ್ಕೆ ಹೋಗುತ್ತದೆ.

ಸಂಜೆ ಐದಕ್ಕೆ ಗುಡ್ಡದಿಂದ ಪೂರ್ವಕ್ಕೆ ಬಯಲಿನ ಮೇಲೆ ಒಂದು ಕಿ.ಮೀ. ನಡೆದು ಹೋಗಿ, ಟಾರ್ಚ್ ಇಟ್ಟುಕೊಂಡು. ಜುಲೈಯಲ್ಲಿ ಆರಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಕುಳಿತು ನೆಲ ನೋಡಿ: ಐದು ಆರು ಮೂಲೆಯ ಬಿಲ್ಲೆಗಳು, ಸಂದುಗಳಲ್ಲಿ ಉಪ್ಪಿನ ಎಳೆ ಹಿಟ್ಟು ಚೆಲ್ಲಿದ ಗೆರೆಯಂತೆ ಉಬ್ಬಿ ನಿಂತಿರುತ್ತದೆ. ಇದೇ ಜೇಡಿನೊಳಗೆ ಸಣ್ಣ ಸೀಗಡಿಯಂಥ ಜೀವಿಗಳ ಮೊಟ್ಟೆಗಳು ವರ್ಷಗಟ್ಟಲೆ ಒಣಗಿ ಬಿದ್ದಿದ್ದು, ಮಳೆ ನೀರು ತಾಗಿದ ಕೆಲವೇ ದಿನಗಳಲ್ಲಿ ಒಡೆಯುತ್ತವೆ. ಫ್ಲೆಮಿಂಗೊಗಳು ಬರುವುದು ಇವುಗಳಿಗಾಗಿ, ನೀರಿನ ಪಾಚಿಗಾಗಿ. ಏನೂ ಇಲ್ಲದ ನೆಲ ಎಂದು ಇದನ್ನು ಕರೆಯಬಾರದು.

ಸೂರ್ಯ ಇಲ್ಲಿ ಉತ್ತರದ ಕಡೆಯಿಂದ ಸಾಗುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ. ಗುಡಾರಕ್ಕೆ ಮರದ ದಕ್ಷಿಣ ಮಗ್ಗುಲು ಹುಡುಕಿ, ಸೋಲಾರ್ ಫಲಕವನ್ನು ಉತ್ತರಕ್ಕೆ ತಿರುಗಿಸಿ. ರಾತ್ರಿ ಚಳಿ ಸೊನ್ನೆಯ ಹತ್ತಿರ ಇಳಿಯುತ್ತದೆ, ಉಣ್ಣೆ ಟೋಪಿ ಮತ್ತು ದಪ್ಪ ಮಲಗುಚೀಲ ಬೇಕೇ ಬೇಕು. ಅಮಾವಾಸ್ಯೆಯ ವಾರವಾದರೆ ಹೇಳುವುದೇ ಬೇಡ. ನಮ್ಮ ಊರಲ್ಲಿ ದಕ್ಷಿಣ ದಿಗಂತದಲ್ಲಿ ತಗ್ಗಾಗಿ ಕಾಣುವ ತ್ರಿಶಂಕು ಇಲ್ಲಿ ಎತ್ತರಕ್ಕೆ ಏರಿರುತ್ತದೆ, ವೃಶ್ಚಿಕ ಹೆಚ್ಚುಕಡಿಮೆ ನೆತ್ತಿಯ ಮೇಲೆಯೇ ಹಾದುಹೋಗುತ್ತದೆ. ಹುಣ್ಣಿಮೆಯಾದರೆ ನಕ್ಷತ್ರ ಕಡಿಮೆ, ಆದರೆ ಬಿಳಿ ನೆಲ ಬೆಳಕು ತಿರುಗಿಸಿ ಕೊಡುವುದರಿಂದ ಟಾರ್ಚ್ ಬೇಕಾಗುವುದಿಲ್ಲ.

ನಾಲ್ಕನೆಯ ದಿನ: ಉತ್ತರಕ್ಕೆ, ಗ್ವೇಟಾ

ಸುವಾ ಮತ್ತು ನ್ಟ್ವೆಟ್ವೆ ಬಯಲುಗಳ ನಡುವಿನ ಹುಲ್ಲಿನ ಪಟ್ಟಿಯಲ್ಲಿ ಥಾಬಾತ್ಶುಕುಡು ಹಳ್ಳಿ, ಇನ್ನೊಂದು ಪಶುವೈದ್ಯ ಗೇಟು ದಾಟಿ ನಾಟಾ–ಮೌನ್ ಹೆದ್ದಾರಿ ಸೇರಬೇಕು. ಸುಮಾರು 90 ಕಿ.ಮೀ., ನಾಲ್ಕೈದು ಗಂಟೆ. ಇಲ್ಲಿನ ಅಪಾಯ ಕೆಸರಲ್ಲ, ಹುಲ್ಲು.

ಜಾಡಿನ ಎರಡು ಗೆರೆಗಳ ನಡುವೆ ಬೆಳೆದ ಹುಲ್ಲು ಗಾಡಿಯ ಹೊಟ್ಟೆಯನ್ನು ಉಜ್ಜುತ್ತಲೇ ಇರುತ್ತದೆ. ಎರಡು ಅನಾಹುತ ಆಗುತ್ತವೆ. ಒಂದು, ಹುಲ್ಲಿನ ಬೀಜ ರೇಡಿಯೇಟರಿನ ಸಂದುಗಳಲ್ಲಿ ತುಂಬಿ ಗಾಳಿ ಕಟ್ಟಿ ಎಂಜಿನ್ ಕಾಯುತ್ತದೆ. ಇದಕ್ಕೆ ಮುಂಭಾಗದ ಜಾಲರಿಗೆ ನರ್ಸರಿಯವರು ಬಳಸುವ ನೆರಳುಬಲೆಯ ತುಂಡನ್ನು ಬಿಗಿಯಾಗಿ ಕಟ್ಟಬೇಕು. ಬಲೆಗೆ ಅಂಟಿದ ಬೀಜವನ್ನು ಅರ್ಧ ಗಂಟೆಗೊಮ್ಮೆ ಪೊರಕೆಯಿಂದ ಗುಡಿಸಿ. ಎರಡನೆಯದು ಇನ್ನೂ ಕೆಟ್ಟದ್ದು: ಒಣಹುಲ್ಲು ಸೈಲೆನ್ಸರ್ ಕೊಳವೆಗೂ ಅದರ ಮೇಲಿನ ತಗಡಿಗೂ ನಡುವೆ ಸಿಕ್ಕಿ ಒತ್ತಿಕೊಂಡು, ಕಾದು, ಹೊತ್ತಿಕೊಳ್ಳುತ್ತದೆ. ಹೊಗೆ ಕಂಡಾಗ ಗಾಡಿ ಉಳಿಸುವ ಸಮಯ ಮೀರಿರುತ್ತದೆ. ಅರ್ಧ ಗಂಟೆಗೊಮ್ಮೆ ಹುಲ್ಲಿಲ್ಲದ ಬೋಳು ಜಾಗದಲ್ಲಿ ನಿಲ್ಲಿಸಿ, ಮಲಗಿ ಕೆಳಗೆ ನೋಡಿ, ತುದಿ ಬಾಗಿಸಿದ ಗಟ್ಟಿ ತಂತಿಯಿಂದ ಎಳೆದು ತೆಗೆಯಿರಿ. ಬರಿಗೈ ಹಾಕಬೇಡಿ, ಕೊಳವೆ ಸುಡುತ್ತದೆ. ಹೊಸ ಡೀಸೆಲ್ ಗಾಡಿಗಳ ಹೊಗೆ ಸೋಸುವ ಫಿಲ್ಟರ್ ತನ್ನನ್ನು ತಾನೇ ಸುಟ್ಟು ಶುಚಿ ಮಾಡಿಕೊಳ್ಳುವಾಗ ಕೊಳವೆ ಇನ್ನೂ ಹೆಚ್ಚು ಕಾಯುತ್ತದೆ. ಬೆಂಕಿ ಆರಿಸುವ ಸಿಲಿಂಡರ್ ಡ್ರೈವರ್ ಸೀಟಿನ ಪಕ್ಕದಲ್ಲೇ ಇರಲಿ, ಸಾಮಾನಿನ ಅಡಿಯಲ್ಲಲ್ಲ. ಒಣಹುಲ್ಲಿನ ಮೇಲೆ ಎಂಜಿನ್ ಚಾಲೂ ಇಟ್ಟು ನಿಲ್ಲಲೇಬೇಡಿ.

ಹೆದ್ದಾರಿ ಸೇರಿದೊಡನೆ ಟೈರನ್ನು ಮತ್ತೆ 32ಕ್ಕೆ ತುಂಬಿ. ಗ್ವೇಟಾದಲ್ಲಿ ಡೀಸೆಲ್, ನೀರು, ಸ್ನಾನ.

ಐದನೆಯ ದಿನ: ನ್ಟ್ವೆಟ್ವೆಯ ಅಂಚು

ಇಂದು ಸ್ವಂತ ಗಾಡಿ ಬಿಟ್ಟು ಗ್ವೇಟಾದ ಗೈಡ್ ಜೊತೆ ಹೋಗಿ. ಇಲ್ಲಿನ ಜಾಡುಗಳು ದನದ ಕೊಟ್ಟಿಗೆಗಳ ನಡುವೆ ಕವಲೊಡೆಯುತ್ತಲೇ ಹೋಗುತ್ತವೆ, ನಕ್ಷೆಯಲ್ಲಿ ಅರ್ಧವೂ ಇಲ್ಲ. ಸೂರ್ಯ ಹುಟ್ಟುವ ಹೊತ್ತಿಗೆ ಮೀರ್‌ಕ್ಯಾಟ್‌ಗಳ ಬಿಲದ ಹತ್ತಿರ ಇರಬೇಕು. ಮುಂಗುಸಿಯ ಹತ್ತಿರದ ನೆಂಟರು ಇವು. ಬಿಲದಿಂದ ಬಂದು ಎರಡು ಕಾಲಮೇಲೆ ನಿಂತು ಹೊಟ್ಟೆಯನ್ನು ಬಿಸಿಲಿಗೆ ಒಡ್ಡುತ್ತವೆ. ಜನರಿಗೆ ಹೊಂದಿಕೊಂಡ ಗುಂಪುಗಳಿವೆ. ನೆಲದ ಮೇಲೆ ಅಲುಗದೆ ಕುಳಿತರೆ ಕಾವಲು ನಿಲ್ಲಲು ಎತ್ತರದ ಜಾಗವೆಂದು ನಿಮ್ಮ ಹೆಗಲನ್ನೇ ಏರುವುದುಂಟು. ಕೈ ಚಾಚಬೇಡಿ, ತಿನ್ನಲು ಏನೂ ಕೊಡಬೇಡಿ.

ಗ್ವೇಟಾದ ದಕ್ಷಿಣಕ್ಕೆ ಸುಮಾರು 30 ಕಿ.ಮೀ. ದೂರದಲ್ಲಿ ಗ್ರೀನ್ ಬಾವೊಬಾಬ್ ಇದೆ. 1858–59ರ ಪ್ರಯಾಣದಲ್ಲಿ ಗ್ರೀನ್ ಎಂಬ ಪ್ರವಾಸಿಗನ ತಂಡದವರು ಕೆತ್ತಿದ ಅಕ್ಷರ ಇಂದಿಗೂ ಓದಬಹುದು. ಇನ್ನೂ ದಕ್ಷಿಣಕ್ಕೆ ಚಾಪ್ಮನ್ ಬಾವೊಬಾಬ್ ಇತ್ತು, ಬಯಲು ದಾಟುವವರಿಗೆ ದೂರದಿಂದಲೇ ದಿಕ್ಕು ತೋರುತ್ತಿದ್ದ ಮರ. 2016ರ ಜನವರಿ 7ರಂದು ಅದರ ಕಾಂಡಗಳೆಲ್ಲ ಹೊರಮುಖವಾಗಿ ಬಿದ್ದವು. ದಕ್ಷಿಣ ಆಫ್ರಿಕಾ ಭಾಗದ ಅತಿ ಹಳೆಯ ಬಾವೊಬಾಬ್‌ಗಳು ಒಂದರ ಹಿಂದೊಂದು ಹೀಗೆ ಬೀಳುತ್ತಿವೆ ಎಂದು 2018ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಬಿದ್ದ ಕಾಂಡಗಳನ್ನು ನೋಡಲು ಹೋಗಲೇಬೇಕು. ನಿಂತ ಮರಕ್ಕಿಂತ ಬಿದ್ದ ಮರದಲ್ಲಿ ಅದರ ಗಾತ್ರ ತಿಳಿಯುತ್ತದೆ.

ಆರನೆಯ ದಿನ: ಬೇನ್ಸ್ ಮರಗಳು

ಗ್ವೇಟಾದಿಂದ ಮೌನ್ ಕಡೆಗೆ ಒಂದು ಗಂಟೆ ದಾರಿಯಲ್ಲಿ ನೈ ಪ್ಯಾನ್ ರಾಷ್ಟ್ರೀಯ ಉದ್ಯಾನದ ಗೇಟು ಬರುತ್ತದೆ. ಹೆಸರಿನ ನಡುವೆ ನಾಲಗೆ ಲೊಚಗುಟ್ಟುವ ಸದ್ದೊಂದಿದೆ, ಹೊರಗಿನವರು ಸುಮ್ಮನೆ ‘ನೈ’ ಎನ್ನುತ್ತಾರೆ. ರಾತ್ರಿ ಉಳಿಯುವವರು ಜಾಗ ಮೊದಲೇ ಕಾಯ್ದಿರಿಸಿ ಪತ್ರ ಕೈಯಲ್ಲಿಟ್ಟುಕೊಂಡಿರಬೇಕು. ಬೇನ್ಸ್ ಮರಗಳ ಹತ್ತಿರ ಇರುವುದು ಬೆರಳೆಣಿಕೆಯ ಜಾಗ, ತಿಂಗಳುಗಳ ಮೊದಲೇ ತುಂಬಿರುತ್ತದೆ.

ಗೇಟಿನಿಂದ ಸುಮಾರು 17 ಕಿ.ಮೀ. ಆಳ ಮರಳು. ಗಾಳಿ 18–20 ಪಿಎಸ್‌ಐ, ಗೇರ್ ಬದಲಿಸದೆ ಒಂದೇ ಹದದಲ್ಲಿ ಸಾಗಬೇಕು, ಮರಳಲ್ಲಿ ಬ್ರೇಕ್ ಒತ್ತಿದರೆ ಚಕ್ರದ ಮುಂದೆ ದಿಬ್ಬವಾಗುತ್ತದೆ. ಎದುರು ಗಾಡಿ ಬಂದರೆ ಪಕ್ಕದ ಜಾಡು ಇರುವಲ್ಲಿ ಮೊದಲೇ ತಿರುಗಿ ನಿಲ್ಲಿ. ನಂತರ ಬಲಕ್ಕೆ ತಿರುಗಿದರೆ ಕುಡಿಯಾಕಮ್ ಬಯಲಿನ ದಂಡೆಯಲ್ಲಿ ಬಾವೊಬಾಬ್‌ಗಳ ಗುಂಪು. 1862ರಲ್ಲಿ ಚಿತ್ರಕಾರ ಥಾಮಸ್ ಬೇನ್ಸ್ ಇವುಗಳ ಚಿತ್ರ ಬರೆದ. ಚಿತ್ರದ ಪ್ರತಿಯೊಂದನ್ನು ಫೋನಿನಲ್ಲಿ ಇಟ್ಟುಕೊಂಡು ಹೋಗಿ, ಅವನು ಕುಳಿತಿದ್ದ ಕೋನ ಹುಡುಕಿ ನಿಂತರೆ ಕೊಂಬೆಗಳು ಇಂದಿಗೂ ತಾಳೆಯಾಗುತ್ತವೆ. ಬಯಲು ದಾಟಿ ನೇರ ಹೋಗುವ ಒಣಗಾಲದ ದಾರಿ, ಸುತ್ತುಬಳಸಿ ಹೋಗುವ ಮಳೆಗಾಲದ ದಾರಿ, ಎರಡೂ ಇವೆ. ಗೇಟಿನವರು ಹೇಳಿದ್ದನ್ನೇ ಹಿಡಿಯಿರಿ. ಇಲ್ಲಿ ನೀರಿಲ್ಲ, ಬೇಲಿಯೂ ಇಲ್ಲ. ಊಟದ ಪೆಟ್ಟಿಗೆ ಗಾಡಿಯೊಳಗೆ ಬೀಗ ಹಾಕಿಡಿ, ರಾತ್ರಿ ನಡೆದಾಡಬೇಡಿ.

ಏಳನೆಯ ದಿನ: ಬೊಟೆಟಿ ದಂಡೆ

ಹೆದ್ದಾರಿಯ ದಕ್ಷಿಣಕ್ಕೆ ಮಕ್ಗಡಿಕ್ಗಡಿ ರಾಷ್ಟ್ರೀಯ ಉದ್ಯಾನ. ಮರಳಿನ ಜಾಡಿನಲ್ಲಿ ಸುಮಾರು ಎರಡು ಗಂಟೆ ಸಾಗಿದರೆ ಖುಮಾಗಾ, ಬೊಟೆಟಿ ನದಿ. ವಾಯವ್ಯದ ಒಕವಾಂಗೋ ಜೌಗು ಪ್ರದೇಶದ ನೀರು ಇತ್ತ ಹರಿಯುವ ನದಿ ಇದು. ಹಲವು ವರ್ಷ ಬತ್ತಿಹೋಗಿ 2009ರಲ್ಲಿ ಮತ್ತೆ ಹರಿಯಿತು. ಒಣಗಾಲದಲ್ಲಿ ಬಯಲಿನ ಜೀಬ್ರಾ, ವೈಲ್ಡ್‌ಬೀಸ್ಟ್‌ಗಳು ಸಾವಿರಗಟ್ಟಲೆ ಈ ದಂಡೆಗೆ ಬರುತ್ತವೆ. ಮಳೆ ಬಿದ್ದೊಡನೆ ಎಳೆ ಹುಲ್ಲಿಗಾಗಿ ಪೂರ್ವದ ಬಯಲಿಗೆ ಹೊರಡುತ್ತವೆ.

ಒಕವಾಂಗೋ ಕಡೆಯಿಂದ ಬರುವ ಜೀಬ್ರಾಗಳ ಕತೆ ಬೇರೆಯೇ. 1968ರಲ್ಲಿ ಹಾಕಿದ ಪಶುವೈದ್ಯ ಬೇಲಿ ಅವುಗಳ ದಾರಿ ಮುಚ್ಚಿತು. 2004ರಲ್ಲಿ ಬೇಲಿ ತೆಗೆದರು. ಆ ದಾರಿ ನಡೆದ ಒಂದು ಜೀಬ್ರಾವೂ ಅಷ್ಟರಲ್ಲಿ ಬದುಕಿ ಉಳಿದಿರಲಿಲ್ಲ. ಆದರೂ ಕೆಲವೇ ವರ್ಷಗಳಲ್ಲಿ, ಕೊರಳಿಗೆ ಜಿಪಿಎಸ್ ಪಟ್ಟಿ ಹಾಕಿದ್ದ ಜೀಬ್ರಾಗಳು ಹೋಗಿಬರಲು 500 ಕಿ.ಮೀ.ಗೂ ಮೀರಿದ ಆ ದಾರಿಯನ್ನು ಮತ್ತೆ ಹಿಡಿದವು.

ಮಧ್ಯಾಹ್ನ ಮೂರರ ಮೇಲೆ ದಂಡೆಯ ಎತ್ತರದಲ್ಲಿ ಎಂಜಿನ್ ನಿಲ್ಲಿಸಿ ಕುಳಿತರೆ ಸಾಕು, ಅವು ತಾವಾಗಿ ಇಳಿದು ಬರುತ್ತವೆ. ಮುಂದಿನದು ನೀರು ಮುಟ್ಟುವವರೆಗೂ ಹಿಂದಿನವು ಕಾಯುತ್ತವೆ. ಅವುಗಳ ದಾರಿಗೆ ಅಡ್ಡ ಗಾಡಿ ನಿಲ್ಲಿಸಿದರೆ ಇಡೀ ಹಿಂಡು ಬಾಯಾರಿಕೊಂಡೇ ತಿರುಗಿ ಹೋಗುತ್ತದೆ. ಇಲ್ಲಿ ಸಿಂಹ, ಆನೆ ಎರಡೂ ಇವೆ. ಖುಮಾಗಾ ಶಿಬಿರದ ಮಂಗಗಳು ಬ್ರೆಡ್ ಕಂಡರೆ ಬಿಡುವುದಿಲ್ಲ.

ಮರುದಿನ ನದಿ ದಾಟಿ ಖುಮಾಗಾ ಹಳ್ಳಿಯ ಕಡೆಯಿಂದ ಮೌನ್ ಸೇರಬಹುದು. ನೀರಿದ್ದರೆ ತೆಪ್ಪದಂಥ ದೋಣಿಯ ಮೇಲೆ ಗಾಡಿ ದಾಟಿಸುತ್ತಾರೆ, ಇಲ್ಲದಿದ್ದರೆ ಪಾತ್ರದಲ್ಲೇ ಹಾಯಬೇಕು. ಆಳ ಕೇಳದೆ ಇಳಿಯಬೇಡಿ. ಮೌನ್ ತಲುಪಿದ ದಿನವೇ ಗಾಡಿಯ ಅಡಿಭಾಗವನ್ನು ಸಿಹಿನೀರಿನಲ್ಲಿ ಒತ್ತಡ ಹಾಕಿ ತೊಳೆಸಿ. ಚಕ್ರದ ಒಳಮಗ್ಗುಲು, ಬ್ರೇಕ್ ಡಿಸ್ಕ್ ಹಿಂದೆ, ಚಾಸಿಯ ರಂಧ್ರಗಳ ಒಳಗೆ ಕೂತ ಚೌಳುಮಣ್ಣು ಒಣಗಿದರೆ ಸಿಮೆಂಟಿನಂತೆ ಹಿಡಿಯುತ್ತದೆ, ಇಬ್ಬನಿ ಬಿದ್ದಾಗಲೆಲ್ಲ ಕಬ್ಬಿಣ ತಿನ್ನುತ್ತದೆ. ಹೊಳಪು ಬಂದ ಮೇಲೂ ನಿಲ್ಲಿಸಬೇಡಿ, ಕೆಳಗೆ ಬೀಳುವ ನೀರು ತಿಳಿಯಾಗುವವರೆಗೆ ತೊಳೆಸಿ.